ವಿಜ್ಞಾನ ಶಿಕ್ಷಣವೂ ಕರಾವಳಿಯ ಬಡಮಕ್ಕಳೂ

ಪ್ರತಿ ವರ್ಷವೂ ಬೇಸಗೆಯಲ್ಲಿ ದ್ವಿತೀಯ ಪಿ.ಯು. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ನಮ್ಮ ಜಿಲ್ಲೆಯ ಹೆಸರು ನಾಡಿನ ಎಲ್ಲ ಪತ್ರಿಕೆಗಳಲ್ಲಿ ಮೆರೆಯುವುದು ಒಂದು ವಾಡಿಕೆಯೇ ಆಗಿಬಿಟ್ಟಿದೆ. 2024ನೆಯ ಇಸವಿಯಲ್ಲಿ ದಕ್ಷಿಣ ಕನ್ನಡವು ಪ್ರಥಮ ಸ್ಥಾನವನ್ನೂ ಉಡುಪಿಯು ದ್ವಿತೀಯ ಸ್ಥಾನವನ್ನೂ ಪಡೆದಿದ್ದುವು. 2025ರ ಮೊದಲ ಪರೀಕ್ಷೆಯಲ್ಲಿ ಉಡುಪಿಯು ಶೇಕಡಾ 93.90ರೊಡನೆ ಮುಂದಾಯಿತು, ದಕ್ಷಿಣ ಕನ್ನಡವು ಶೇಕಡಾ 93.57ರೊಡನೆ ಅದನ್ನು ಹಿಂಬಾಲಿಸಿತು. ಇದಕ್ಕಾಗಿ ದುಡಿದ ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಅಭಿನಂದಿಸುವುದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ.

ಆದರೆ ಶೇಕಡಾವಾರು ಎಂಬುದು ಪರೀಕ್ಷೆಗೆ ಕುಳಿತವರ ಲೆಕ್ಕವೇ ಹೊರತು ಕುಳಿತುಕೊಳ್ಳದೆ ಹೋದವರ ಲೆಕ್ಕವಲ್ಲ. ನೂರರಲ್ಲಿ ತೊಂಬತ್ತಮೂರು ಮಂದಿ ದಾಟಿದರೆಂದು ಹೇಳುವಾಗ ಆ ನೂರು ಮಂದಿ ಯಾರು, ಯಾವ ಮನೆಗಳಿಂದ ಬಂದವರು, ಅವರಲ್ಲಿ ವಿಜ್ಞಾನವನ್ನು ಆರಿಸಿಕೊಂಡವರೆಷ್ಟು, ಆರಿಸಿಕೊಳ್ಳುವ ಆಸೆಯಿದ್ದೂ ಬಿಟ್ಟವರೆಷ್ಟು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಕೇಳದಿರುವುದರಿಂದಲೇ ನಮ್ಮ ಹೆಮ್ಮೆಗೆ ಇಷ್ಟು ದಿವಸ ಕುಂದು ಬಂದಿಲ್ಲ.

ಈ ಪ್ರಶ್ನೆಯನ್ನು ಜಿಲ್ಲಾ ಕೇಂದ್ರದ ಮೇಜಿನಿಂದ ನೋಡುವುದಕ್ಕಿಂತ ಯಡ್ತರೆಯ ಕೂಡುರಸ್ತೆಯಲ್ಲಿ ನಿಂತು ನೋಡುವುದು ಮೇಲು. ಬೈಂದೂರು ಪೇಟೆಗೆ ಒತ್ತಿಕೊಂಡಿರುವ ಈ ಊರಿನ ನಡುವೆ ರಾಷ್ಟ್ರೀಯ ಹೆದ್ದಾರಿಯು ಹಾದುಹೋಗುತ್ತದೆ. ಪಡುವಲಿಗೆ ಉಪ್ಪುಂದ, ಪಡುವರಿಗಳ ಕಡಲಕರೆ. ಅಲ್ಲಿ ನಾಡದೋಣಿಯನ್ನೇ ನಂಬಿ ಬದುಕುವ ಮೊಗವೀರರ, ಖಾರ್ವಿಗಳ ಕೇರಿಗಳು. ಮೂಡಲಿಗೆ ಕೊಲ್ಲೂರಿನತ್ತ ಏರುವ ಕಾಡಂಚಿನ ಹಳ್ಳಿಗಳು. ಅಲ್ಲಿ ಕುಡುಬಿಯರ ಗದ್ದೆಗಳು, ಕೂಲಿಕಾರರ ಬಿಡಾರಗಳು. ಈ ತಾಲೂಕುಗಳ ಅಲ್ಲಲ್ಲಿ, ಊರಿನ ಕೊನೆಯಲ್ಲಿ, ಕೊರಗರ ಕೊಪ್ಪಗಳು. 2018ರಲ್ಲಿ ಬೈಂದೂರು ಪ್ರತ್ಯೇಕ ತಾಲೂಕಾಯಿತು. ತಾಲೂಕು ಕಚೇರಿ ಬಂತು, ನ್ಯಾಯವಾಗಿಯೇ ಬಂತು. ಆದರೆ ಈ ಕೇರಿ, ಬಿಡಾರ, ಕೊಪ್ಪಗಳ ಮಕ್ಕಳಿಗೆ ವಿಜ್ಞಾನದ ವಿದ್ಯೆಯು ಹಿಂದೆ ಎಷ್ಟು ದೂರವಿತ್ತೋ ಇಂದೂ ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿದೆ.

ದೂರವೆಂದರೆ ಮೈಲಿಗಳ ದೂರವಲ್ಲ. ಈ ವಿಷಯದಲ್ಲಿ ನಮ್ಮ ಕರಾವಳಿಯಷ್ಟು ಭಾಗ್ಯಶಾಲಿಯಾದ ಪ್ರದೇಶವು ನಾಡಿನಲ್ಲಿ ವಿರಳ. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜೂ 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದುವು. ಸುರತ್ಕಲ್ಲಿನಲ್ಲಿ 1960ರಲ್ಲಿ ಪ್ರಾರಂಭವಾದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು 2002ರಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಾಯಿತು. ಕುಂದಾಪುರದಲ್ಲಿ 1963ರಿಂದ ಭಂಡಾರ್ಕರ್ಸ್ ಕಾಲೇಜು ಇದೆ. ಮೀನುಗಾರಿಕೆಯ ಶಾಸ್ತ್ರವನ್ನೇ ಬೋಧಿಸುವ ಕಾಲೇಜು 1969ರಲ್ಲಿ ಮಂಗಳೂರಿಗೆ ಬಂತು. ಹೀಗೆ ನಾಲ್ಕು ದಿಕ್ಕುಗಳಲ್ಲಿ ದೀಪಗಳು ಉರಿಯುತ್ತಿರುವಾಗ ದೀಪದ ಬುಡದಲ್ಲಿ ಕತ್ತಲೆಯೇಕೆ ಎಂಬುದೇ ವಿಚಾರಣೀಯ ವಿಷಯ.

ಸರಕಾರವು ಏನನ್ನೂ ಮಾಡಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. ಹಿಂದುಳಿದವರಿಗೆ ಮೇಲಿನ ಕಾಲೇಜುಗಳಲ್ಲಿ ಸ್ಥಾನ ಕಲ್ಪಿಸುವ ವಿಷಯದಲ್ಲಿ ನಮ್ಮ ರಾಜ್ಯಾಂಗವು ಮುಕ್ಕಾಲು ಶತಮಾನದಿಂದ ಹೆಣಗಾಡಿದೆ. ನಮ್ಮ ಜಿಲ್ಲೆಯು ಮದ್ರಾಸು ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, ಅಲ್ಲಿನ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸ್ಥಾನಗಳನ್ನು ಜಾತಿವಾರು ಹಂಚುತ್ತಿದ್ದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ 1951ರಲ್ಲಿ ರದ್ದುಪಡಿಸಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯಾಗಿ, ಹಿಂದುಳಿದ ವರ್ಗಗಳಿಗೆ ವಿಶೇಷ ಏರ್ಪಾಟು ಮಾಡುವ ಅಧಿಕಾರವು 15ನೆಯ ವಿಧಿಯ 4ನೆಯ ಉಪವಿಧಿಯಿಂದ ಸರಕಾರಗಳಿಗೆ ದೊರೆಯಿತು. ಮೈಸೂರು ರಾಜ್ಯವು ಇಂಥ ಕಾಲೇಜುಗಳಲ್ಲಿ ಶೇಕಡಾ 68 ಸ್ಥಾನಗಳನ್ನು ಮೀಸಲಿರಿಸಿದುದನ್ನು 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ತಳ್ಳಿಹಾಕಿತು. ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನಲ್ಲೇ ನಡೆದ ಮೊಕದ್ದಮೆಯಲ್ಲಿ 2002ರಲ್ಲಿ ಹನ್ನೊಂದು ಮಂದಿ ನ್ಯಾಯಾಧೀಶರು ಕುಳಿತು ಖಾಸಗಿ ಕಾಲೇಜುಗಳ ಸ್ವಾತಂತ್ರ್ಯವನ್ನು ವಿಸ್ತರಿಸಿದರು. ಅದರ ತರುವಾಯ ಬಂದ 93ನೆಯ ತಿದ್ದುಪಡಿಯು ಖಾಸಗಿ ಕಾಲೇಜುಗಳಲ್ಲಿಯೂ ಮೀಸಲಾತಿಗೆ ದಾರಿ ಮಾಡಿತು. ಇದಲ್ಲದೆ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆಯಲ್ಲಿ ಗ್ರಾಮಾಂತರ ಶಾಲೆಗಳಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸ್ಥಾನಗಳು ಇವೆ.

ಇವೆಲ್ಲವೂ ಅವಶ್ಯವಾದವುಗಳೇ. ಒಂದನ್ನೂ ಹಿಂದೆಗೆದುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಆದರೆ ಇವೆಲ್ಲವೂ ಮಹಡಿಯ ಬಾಗಿಲಿನ ಕಾವಲು. ಪಿ.ಯು. ತರಗತಿಯಲ್ಲಿ ವಿಜ್ಞಾನವನ್ನು ಓದಿ ತೇರ್ಗಡೆ ಹೊಂದಿದವನಿಗೆ ಮಾತ್ರ ಆ ಬಾಗಿಲಿನ ಬಳಿ ನಿಲ್ಲುವ ಯೋಗ್ಯತೆ. ಹತ್ತನೆಯ ತರಗತಿಗೂ ಹನ್ನೊಂದನೆಯದಕ್ಕೂ ನಡುವಿನ ಮೆಟ್ಟಿಲಿನಲ್ಲೇ ಜಾರಿದ ಬಾಲಕನಿಗೆ ಶೇಕಡಾ 15 ಆದರೇನು, 50 ಆದರೇನು? ಆ ಮೆಟ್ಟಿಲಿಗಾಗಿ ಯಾರೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿಲ್ಲ. ಶಿಕ್ಷಣದ ಹಕ್ಕನ್ನು ಕೊಟ್ಟ 2009ರ ಕಾಯಿದೆಯಾದರೂ ಆರರಿಂದ ಹದಿನಾಲ್ಕು ವಯಸ್ಸಿನವರ ಕೈಯನ್ನು ಮಾತ್ರ ಹಿಡಿಯುತ್ತದೆ; ಈ ಮೆಟ್ಟಿಲು ಬರುವ ಮೊದಲೇ ಅದು ಕೈಬಿಡುತ್ತದೆ. ಬಡಮಕ್ಕಳನ್ನು ಇಲ್ಲಿ ಜಾರಿಸುವ ಕಾರಣಗಳು ಮುಖ್ಯವಾಗಿ ಮೂರೆಂದು ನಮ್ಮ ಅಭಿಪ್ರಾಯ.

ಮೊದಲನೆಯದು ಪ್ರಯೋಗದ ಅಭಾವ. ಎಸ್.ಎಸ್.ಎಲ್.ಸಿ. ವಿಜ್ಞಾನದಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಅಂಕಗಳು ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಹೊರಗಿನವರು ಬಂದು ನೋಡುವ ಪ್ರಾಯೋಗಿಕ ಪರೀಕ್ಷೆಯಿಲ್ಲ. ಆದುದರಿಂದ ಮಸೂರವನ್ನು ಬಿಸಿಲಿಗೆ ಹಿಡಿಯದೆ, ಪ್ರನಾಳವನ್ನು ಉರಿಯ ಮೇಲೆ ಕಾಯಿಸದೆ, ಚಿತ್ರವನ್ನು ಬರೆದು ಹೆಸರುಗಳನ್ನು ಬಾಯಿಪಾಠ ಮಾಡಿಯೇ ಒಳ್ಳೆಯ ಅಂಕ ಗಳಿಸುವುದು ಸಾಧ್ಯವಾಗಿದೆ. ಮುಂದಿನ ವರ್ಷವೇ ಪಿ.ಯು. ತರಗತಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳಿಗೆ ಪ್ರಯೋಗಶಾಲೆಯ ಕೆಲಸವು ಕಡ್ಡಾಯ. ದ್ವಿತೀಯ ವರ್ಷದಲ್ಲಿ ಪ್ರತಿ ವಿಷಯಕ್ಕೂ 30 ಅಂಕಗಳ ಪ್ರಾಯೋಗಿಕ ಪರೀಕ್ಷೆ. ಅನುಕೂಲಸ್ಥರ ಮಗುವಿಗೆ ಇದು ಹೊಸತಾದರೂ ಮನೆಪಾಠದವರು ಇದ್ದಾರೆ. ದೋಣಿಯವನ ಮಗನಿಗೆ ಯಾರಿದ್ದಾರೆ?

ಉಪಕರಣಗಳೇ ಇಲ್ಲವೆಂದು ಎಲ್ಲ ಕಡೆಯೂ ಹೇಳುವಂತಿಲ್ಲ. ಎಷ್ಟೋ ಕಡೆ ಬೀರುವಿನಲ್ಲಿ ಸೂಕ್ಷ್ಮದರ್ಶಕವಿದೆ, ಬೀರುವಿಗೆ ಬೀಗವಿದೆ. ಒಡೆದ ಗಾಜಿಗೆ ದಾಸ್ತಾನು ಪುಸ್ತಕದಲ್ಲಿ ಲೆಕ್ಕ ಕೊಡಬೇಕಾದೀತೆಂಬ ಅಂಜಿಕೆಯೇ ಆ ಬೀಗ. ಮಕ್ಕಳು ಕಲಿಯುವ ಸ್ಥಳದಲ್ಲಿ ಗಾಜು ಒಡೆಯದೆ ಇರುವುದೇ ಅಪರಾಧವೆಂದು ಭಾವಿಸುವ ಇಲಾಖೆಯು ಎಂದು ಬರುವುದೋ ನೋಡಬೇಕು. ಕೇಂದ್ರ ಸರಕಾರದವರು 2016ರಿಂದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳೆಂಬ ಯೋಜನೆಯನ್ನು ನಡೆಸಿಕೊಂಡು ಬಂದಿದ್ದಾರೆ. ಐದು ವರ್ಷಗಳಲ್ಲಿ 50,000 ಸರಕಾರಿ ಶಾಲೆಗಳಿಗೆ ಅವನ್ನು ಒದಗಿಸುವುದಾಗಿ 2025ರ ಆಯವ್ಯಯದಲ್ಲಿ ಸಾರಿದ್ದಾರೆ. ಸಂತೋಷ. ಆದರೆ ಐವತ್ತು ಸಾವಿರ ಬೀರುಗಳು ಬಂದು ಐವತ್ತು ಸಾವಿರ ಬೀಗಗಳೂ ಬಂದರೆ ಪ್ರಯೋಜನವೇನು?

ವಾಸ್ತವದಲ್ಲಿ ನಮ್ಮ ಮಕ್ಕಳಿಗೆ ಪ್ರಯೋಗಶಾಲೆಯು ಮನೆಯ ಬಾಗಿಲಲ್ಲೇ ಇದೆ. ನಾಡದೋಣಿಗೆ ಕಟ್ಟುವ ಹೊರಯಂತ್ರವು ಉಷ್ಣವನ್ನು ಚಲನೆಯಾಗಿ ಮಾರ್ಪಡಿಸುವ ಪಾಠ. ಮೀನನ್ನು ಹುಡುಕುವ ಸಾಧನವು ನೀರಿನೊಳಕ್ಕೆ ಶಬ್ದವನ್ನು ಕಳುಹಿಸಿ, ಅದು ತಳಕ್ಕೋ ಮೀನಿನ ಹಿಂಡಿಗೋ ತಗಲಿ ಮರಳುವ ಹೊತ್ತನ್ನು ಅಳೆದು ಆಳವನ್ನು ತಿಳಿಸುತ್ತದೆ. ಪ್ರತಿಧ್ವನಿಯ ಪಾಠವೆಂದರೆ ಅದೇ. ತಂದೆ ಪ್ರತಿದಿನ ಕೈಯಲ್ಲಿ ಹಿಡಿಯುವ ವಸ್ತುವಿನ ಶಾಸ್ತ್ರವೇ ಮಗನ ಪುಸ್ತಕದಲ್ಲಿದೆ ಎಂದು ತೋರಿಸಿಕೊಡುವ ಒಬ್ಬ ಮಾಸ್ತರರು ಸಿಕ್ಕಿದರೆ ಆ ಹುಡುಗನು ವಿಜ್ಞಾನಕ್ಕೆ ಅಂಜುವುದಿಲ್ಲ.

ಎರಡನೆಯ ಕಾರಣ ಭಾಷೆ. ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗುವು ಪಿ.ಯು. ವಿಜ್ಞಾನದ ತರಗತಿಗೆ ಕಾಲಿಟ್ಟ ದಿನವೇ ಎಲ್ಲವೂ ಇಂಗ್ಲಿಷು. ಏಪ್ರಿಲಿನಲ್ಲಿ ‘ವೇಗೋತ್ಕರ್ಷ’ವೆಂದು ಬರೆದು ಪೂರ್ಣ ಅಂಕ ಪಡೆದವನು ಜೂನಿನಲ್ಲಿ ‘ಆಕ್ಸಿಲರೇಷನ್’ ಎಂಬುದನ್ನು ಕೇಳಿ, ಇದು ತಾನು ಕಾಣದ ಹೊಸ ವಸ್ತುವೆಂದು ಬೆದರುತ್ತಾನೆ. ತನಗೆ ತಿಳಿದುದನ್ನೇ ತಿಳಿಯದೆಂದು ನಂಬಿ, ತಿಂಗಳೊಳಗೆ ಕಲೆಯ ವಿಭಾಗಕ್ಕೆ ವರ್ಗಾಯಿಸಿಕೊಳ್ಳುತ್ತಾನೆ. ಕಲೆ, ವಾಣಿಜ್ಯಗಳು ಕೀಳೆಂದು ನಾವು ಹೇಳುವುದಿಲ್ಲ. ಒಲಿದು ಹೋದರೆ ಬೇರೆ ಮಾತು, ಹೆದರಿ ಓಡಿದರೆ ಅದು ನಾಡಿಗೆ ನಷ್ಟ. ಇದರಲ್ಲಿರುವ ವಿಪರೀತವನ್ನು ನೋಡಿರಿ: ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದಲೂ, ಎಂಜಿನಿಯರಿಂಗ್ ಪ್ರವೇಶದ ಜೆ.ಇ.ಇ. ಮುಖ್ಯ ಪರೀಕ್ಷೆಯನ್ನು 2021ರಿಂದಲೂ ಕನ್ನಡದಲ್ಲಿ ಬರೆಯಬಹುದಾಗಿದೆ. ಪರೀಕ್ಷೆಗೆ ಕನ್ನಡವುಂಟು, ಪರೀಕ್ಷೆಗೆ ಸಿದ್ಧಪಡಿಸುವ ತರಗತಿಗೆ ಕನ್ನಡವಿಲ್ಲ!

ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಬಾರದೆಂಬ ಮಾತನ್ನು ಈ ಜಿಲ್ಲೆಯವರಾರೂ ಆಡತಕ್ಕುದಲ್ಲ. ಶತಮಾನಕ್ಕೂ ಹಿಂದೆ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನೇ ಬೆಂಗಳೂರಿನಲ್ಲಿ ನಡೆಸಿದ್ದರು. ನಮ್ಮ ಕೋಟದ ಶಿವರಾಮ ಕಾರಂತರು ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು, ಪದವಿಯಿಲ್ಲದವರು. ಅವರೇ 1936ರಲ್ಲಿ ‘ಬಾಲಪ್ರಪಂಚ’ವನ್ನೂ ತರುವಾಯ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡದ ಮಕ್ಕಳ ಕೈಗಿತ್ತರು. ಹಾಗೆಂದು ನಾವು ಹಟವಾದಿಗಳಲ್ಲ. ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧಿಸಲು 2021ರಲ್ಲಿ ಅನುಮತಿ ದೊರೆತಾಗ ಕನ್ನಡದ ಯತ್ನಕ್ಕೆ ವಿದ್ಯಾರ್ಥಿಗಳು ಹೆಚ್ಚಾಗಿ ಬರಲಿಲ್ಲವೆಂಬುದನ್ನು ಬಲ್ಲೆವು. ಉದ್ಯೋಗವು ಇಂಗ್ಲಿಷನ್ನು ಕೇಳುತ್ತಿರುವಾಗ ತಂದೆತಾಯಿಗಳು ಅಂಜುವುದು ಸಹಜ. ನಮ್ಮ ಬೇಡಿಕೆ ಇಷ್ಟೆ: ಇಂಗ್ಲಿಷಿಗೆ ಹೋಗುವ ಹೊಳೆಗೆ ಸಂಕ ಹಾಕಿರಿ, ಮಗುವನ್ನು ನಡುನೀರಿಗೆ ತಳ್ಳಿ ಈಜೆನ್ನಬೇಡಿರಿ.

ಮೂರನೆಯ ಕಾರಣ ದಾರಿ. ಸಂಕವೆಂಬ ಮಾತನ್ನು ನಾವು ಅಲಂಕಾರಕ್ಕಾಗಿ ಮಾತ್ರ ಆಡುತ್ತಿಲ್ಲ. 2022ರ ಆಗಸ್ಟಿನಲ್ಲಿ ಇದೇ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದಳು. ಮಳೆಗಾಲದ ನಾಲ್ಕು ತಿಂಗಳು ಮೂಡಲ ಹಳ್ಳಿಗಳ ಎಷ್ಟೋ ತಾಯಂದಿರು ಹೊಳೆಯ ದಡದಲ್ಲಿ ನಿಂತೇ ಮಕ್ಕಳನ್ನು ಕಾಯುತ್ತಾರೆ. ಪಿ.ಯು. ವಿಜ್ಞಾನಕ್ಕೆ ಸೇರಿದ ಹುಡುಗಿಗೆ ಪ್ರಯೋಗಶಾಲೆ ಮುಗಿಯುವಾಗ ಸಂಜೆಯಾಗುತ್ತದೆ. ಕಾಡಿನ ದಾರಿ, ಕೊನೆಯ ಬಸ್ಸು. 2023ರ ಜೂನಿನಿಂದ ಶಕ್ತಿ ಯೋಜನೆಯು ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನು ಕೊಟ್ಟಿದೆ. ನಮ್ಮ ಜಿಲ್ಲೆಯಲ್ಲಾದರೋ ಹೆಚ್ಚಿನ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಬಯಲುಸೀಮೆಯ ಹುಡುಗಿಗೆ ದೊರೆತ ಸವಲತ್ತು ಕೊಲ್ಲೂರ ಕಾಡಂಚಿನ ಹುಡುಗಿಗೆ ದೊರೆಯುವುದು ಅಪರೂಪ. ಕುಂದಾಪುರವು ಇಲ್ಲಿಂದ ಸುಮಾರು 30 ಕಿಲೋಮೀಟರು. ಮಕ್ಕಳಿಗೆ ವಿಜ್ಞಾನದ ಸೋಜಿಗಗಳನ್ನು ತೋರಿಸುವ ಪಿಲಿಕುಳದ ವಿಜ್ಞಾನ ಕೇಂದ್ರವು ನೂರು ಕಿಲೋಮೀಟರಿಗೂ ಹೆಚ್ಚು.

ಈ ಮೂರೂ ಅಡ್ಡಿಗಳು ಒಟ್ಟಾಗಿ ಬೀಳುವುದು ಕೊರಗ ಸಮಾಜದ ಮಕ್ಕಳ ಮೇಲೆ. ರಾಜ್ಯದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಸರಕಾರವು ಗುರುತಿಸಿರುವ ಎರಡರಲ್ಲಿ ಕೊರಗರದು ಒಂದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರ ಸಂಖ್ಯೆ ಹದಿನೈದು ಸಾವಿರವನ್ನು ಮುಟ್ಟುವುದಿಲ್ಲ. ಅವರನ್ನು ಅವಮಾನಕ್ಕೆ ಗುರಿಮಾಡುತ್ತಿದ್ದ ಅಜಲು ಪದ್ಧತಿಯನ್ನು 2000ನೆಯ ಇಸವಿಯ ಕಾಯಿದೆಯು ನಿಷೇಧಿಸಿತು. ನಿಷೇಧವು ಅವಮಾನವನ್ನು ತಡೆದೀತು, ವಿದ್ಯೆಯನ್ನು ಕೊಡಲಾರದು. ಇಷ್ಟು ಚಿಕ್ಕ ಸಮಾಜದ ಪ್ರತಿಯೊಂದು ಮಗುವಿನ ಹೆಸರನ್ನೂ ಬರೆದಿಟ್ಟುಕೊಂಡು, ಹತ್ತನೆಯ ತರಗತಿಯಿಂದ ಮುಂದಕ್ಕೆ ಅದು ಎಲ್ಲಿಗೆ ಹೋಯಿತೆಂದು ನೋಡುವುದು ಒಂದು ಜಿಲ್ಲಾಡಳಿತಕ್ಕೆ ಅಸಾಧ್ಯವೇ?

ಇಂಥ ಕೆಲಸಕ್ಕೆ ನಮ್ಮ ಕರಾವಳಿಯಲ್ಲಿ ಮೇಲ್ಪಂಕ್ತಿಯಿದೆ. 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಸ್ವಜನರ ವಿರೋಧವನ್ನು ಕಟ್ಟಿಕೊಂಡರು. ಅಕ್ಷರದೊಂದಿಗೆ ಕೈಕಸುಬನ್ನೂ ಕಲಿಸಬೇಕೆಂದು ಅವರು ಕಂಡುಕೊಂಡರು. ಅದಕ್ಕೆ ಮೊದಲೇ ಬಾಸೆಲ್ ಮಿಶನಿನವರು, ಮತಾಂತರದಿಂದ ಕುಲಕಸುಬು ತಪ್ಪಿದವರಿಗೆ ನೇಯ್ಗೆ, ಅಚ್ಚುಕೂಟಗಳ ಕೆಲಸವನ್ನು ಕಲಿಸಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರಖಾನೆಯನ್ನು ಸ್ಥಾಪಿಸಿದರು. ಆ ಹೆಂಚು ಕಡಲಾಚೆಗೂ ಹೋಯಿತು. ಅವರ ಉದ್ದೇಶವೇನೇ ಇರಲಿ, ಅದರಿಂದ ಒಂದು ಪಾಠವನ್ನು ಕಲಿಯಬೇಕು: ಕಸುಬು ಸಾವಿರಾರು ಮಂದಿಗೆ ಅನ್ನವಿತ್ತಿತು, ಆದರೆ ಯಂತ್ರದ ಮರ್ಮವನ್ನು ಬಲ್ಲವನು ಯಜಮಾನನ ಕಡೆಯವನಾಗಿಯೂ ಯಂತ್ರವನ್ನು ತಿರುಗಿಸುವವನು ಕೂಲಿಯವನಾಗಿಯೂ ಉಳಿದರು. ಬಡವರ ಮಕ್ಕಳಿಗೆ ಐ.ಟಿ.ಐ. ಸಾಕು, ಶಾಸ್ತ್ರವೇಕೆ ಎನ್ನುವವರು ಈ ವಿಭಾಗವನ್ನೇ ಶಾಶ್ವತವಾಗಿಸಲು ಯತ್ನಿಸುತ್ತಿದ್ದಾರೆ. ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಲು ನಿಯಮಗಳಲ್ಲಿ ಅವಕಾಶವಿದೆ. ಈ ಏಣಿಯ ಸಂಗತಿಯನ್ನು ಎಷ್ಟು ಮಂದಿ ಮೀನುಗಾರ ತಂದೆಗಳಿಗೆ ಯಾರು ತಿಳಿಸಿದ್ದಾರೆ?

ಇಂಥವರನ್ನು ಒಳಸೇರಿಸಿದರೆ ವಿದ್ಯೆಯ ಮಟ್ಟವು ಇಳಿದೀತೆಂದು ಆಕ್ಷೇಪಿಸುವ ಮಹನೀಯರೂ ಇದ್ದಾರೆ. ನಾವು ಅಂಕಗಳನ್ನು ಇಳಿಸಿರೆಂದು ಇಲ್ಲಿ ಕೇಳುತ್ತಿಲ್ಲ. ಅಂಕ ಗಳಿಸುವ ಸಾಮರ್ಥ್ಯವನ್ನು ಬೆಳೆಯಗೊಡಿರೆಂದು ಕೇಳುತ್ತಿದ್ದೇವೆ. ಹುಟ್ಟಿನಿಂದ ಬಂದ ಅನುಕೂಲವನ್ನೇ ಯೋಗ್ಯತೆಯೆಂದು ಕರೆಯುವುದು ಪ್ರಜಾರಾಜ್ಯಕ್ಕೆ ಒಪ್ಪುವ ಮಾತಲ್ಲ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯವೆಂದು 1976ರ 42ನೆಯ ತಿದ್ದುಪಡಿಯು ಸಂವಿಧಾನದಲ್ಲಿ ಬರೆಯಿತು. ಕರ್ತವ್ಯವನ್ನು ಎಲ್ಲರಿಗೂ ವಿಧಿಸಿ, ಸಾಧನವನ್ನು ಕೆಲವರಿಗೆ ಮಾತ್ರ ಕೊಡುವುದು ಯಾವ ನ್ಯಾಯ?

ಆದುದರಿಂದ ಸರಕಾರದವರ ಮುಂದೆ ಈ ಕೆಳಗಿನ ವಿಷಯಗಳನ್ನು ಒತ್ತಿ ಹೇಳುತ್ತೇವೆ. ಒಂದನೆಯದಾಗಿ, ಪ್ರತಿ ಸರಕಾರಿ ಹೈಸ್ಕೂಲಿನಲ್ಲಿ ವಾರಕ್ಕೆ ಒಂದು ಮಧ್ಯಾಹ್ನವಾದರೂ ಮಕ್ಕಳು ತಮ್ಮ ಕೈಯಿಂದಲೇ ಪ್ರಯೋಗ ಮಾಡತಕ್ಕುದು. ಒಡೆದ ಸಾಮಾನಿಗೆ ವರ್ಷಕ್ಕಿಷ್ಟೆಂದು ರಿಯಾಯಿತಿಯಿತ್ತು ಉಪಾಧ್ಯಾಯರ ಅಂಜಿಕೆಯನ್ನು ನೀಗಿಸತಕ್ಕುದು. ಎರಡನೆಯದಾಗಿ, ಪ್ರಥಮ ಪಿ.ಯು. ವಿಜ್ಞಾನದ ಮೊದಲ ಮೂರು ತಿಂಗಳು ಪಾಠವು ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ ನಡೆಯತಕ್ಕುದು. ಎರಡೂ ಭಾಷೆಯ ಪದಗಳನ್ನು ಎದುರುಬದುರಾಗಿ ಅಚ್ಚುಹಾಕಿದ ಕೈಪಿಡಿಯನ್ನು ಪ್ರತಿ ಮಗುವಿಗೂ ಉಚಿತವಾಗಿ ಕೊಡತಕ್ಕುದು. ಮೂರನೆಯದಾಗಿ, ಬೈಂದೂರಿನಲ್ಲಿ ವಿಜ್ಞಾನ ಓದುವ ಹುಡುಗಿಯರಿಗೆ ಸಾಲುವಷ್ಟು ವಸತಿನಿಲಯದ ಸ್ಥಾನಗಳನ್ನೂ, ಕಾಲೇಜು ಬಿಡುವ ವೇಳೆಗೆ ಹೊಂದುವಂತೆ ಸರಕಾರಿ ಬಸ್ಸುಗಳನ್ನೂ ಏರ್ಪಡಿಸತಕ್ಕುದು. ಕಾಲುಸಂಕಗಳ ಬದಲು ಭದ್ರವಾದ ಸೇತುವೆಗಳನ್ನು ಕಟ್ಟುವುದನ್ನು ಶಿಕ್ಷಣದ ವೆಚ್ಚವೆಂದೇ ತಿಳಿಯತಕ್ಕುದು.

ಎಲ್ಲವನ್ನೂ ಸರಕಾರದ ತಲೆಗೆ ಕಟ್ಟುವುದು ನಮ್ಮ ಸಂಪ್ರದಾಯವಲ್ಲ. ಮಹಾಜನರಿಗೂ ಪಾಲಿದೆ. ಮಣಿಪಾಲ, ಸುರತ್ಕಲ್, ಕುಂದಾಪುರಗಳ ಕಾಲೇಜುಗಳು ರಜಾದಿನಗಳಲ್ಲಿ ತಮ್ಮ ಪ್ರಯೋಗಶಾಲೆಗಳನ್ನು ಸರಕಾರಿ ಶಾಲೆಯ ಮಕ್ಕಳಿಗೆ ತೆರೆಯಲಿ. ದೊಡ್ಡ ವಿದ್ಯಾರ್ಥಿಗಳು ಚಿಕ್ಕವರಿಗೆ ಕಲಿಸಲಿ. ಕುಪ್ಪಂ ಪರಿಸರದ ಅಗಸ್ತ್ಯ ಪ್ರತಿಷ್ಠಾನದವರು 1999ರಿಂದ ಆರಂಭಿಸಿ, ಉಪಕರಣಗಳನ್ನು ವಾಹನದಲ್ಲಿ ಹೇರಿಕೊಂಡು ಹಳ್ಳಿಶಾಲೆಗಳಿಗೆ ಹೋಗುವ ಪದ್ಧತಿಯನ್ನು ಬೆಳೆಸಿದ್ದಾರೆ. ಬೈಂದೂರಿನಿಂದ ಬೆಂಗಳೂರು, ಮುಂಬಯಿಗಳಿಗೆ ಹೋಗಿ ಉಪಾಹಾರ ಗೃಹಗಳನ್ನು ಕಟ್ಟಿ ಬಾಳಿದ ನಮ್ಮವರು ಅಂಥ ಒಂದು ವಾಹನವನ್ನು ತಾಯ್ನಾಡಿಗೆ ಕೊಡಲಾರರೇ? ಜಾತ್ರೆ, ಗೋಪುರಗಳಿಗೆ ಧಾರಾಳವಾಗಿ ಕೊಡುವ ಕೈಗಳು ಇದಕ್ಕೂ ಚಾಚಲೆಂದು ಬೇಡುತ್ತೇವೆ.

ಕೊನೆಯದಾಗಿ ಅಧಿಕಾರಿ ವರ್ಗದವರಲ್ಲಿ ಒಂದು ವಿಜ್ಞಾಪನೆ. ಮುಂದಿನ ಬೇಸಗೆಯಲ್ಲಿ ಫಲಿತಾಂಶವನ್ನು ಸಾರುವಾಗ ಶೇಕಡಾವಾರಿನ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನೂ ಪ್ರಕಟಿಸಿರಿ. ತಾಲೂಕುವಾರು, ಸರಕಾರಿ ಶಾಲೆಗಳಿಂದ ಎಸ್.ಎಸ್.ಎಲ್.ಸಿ. ಮುಗಿಸಿದವರೆಷ್ಟು, ಅವರಲ್ಲಿ ವಿಜ್ಞಾನಕ್ಕೆ ಸೇರಿದವರೆಷ್ಟು, ನಡುವೆ ಬಿಟ್ಟವರೆಷ್ಟು, ಅವರಲ್ಲಿ ಹುಡುಗಿಯರೆಷ್ಟು, ಪರಿಶಿಷ್ಟರೂ ಮೀನುಗಾರರೂ ಎಷ್ಟು ಎಂಬುದು ಅದರಲ್ಲಿರಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಹೆಚ್ಚಿನ ಹಣವೂ ಬೇಡ. ಶಾಲೆಗಳ ದಾಖಲೆ ಪುಸ್ತಕಗಳಲ್ಲಿರುವುದನ್ನು ಕೂಡಿಸಿದರೆ ಸಾಕು. ಆ ಪಟ್ಟಿಯಲ್ಲಿಯೂ ನಮ್ಮ ಜಿಲ್ಲೆಯು ಪ್ರಥಮವೆಂದು ಕಂಡುಬಂದ ದಿನ ನಾವು ಮನಃಪೂರ್ವಕವಾಗಿ ಹೆಮ್ಮೆಪಡುವೆವು. ಅಲ್ಲಿಯವರೆಗೆ ತೊಂಬತ್ತಮೂರರ ಹಿಂದೆ ನಿಂತು ಕಾಣದೆ ಹೋಗಿರುವ ಮಕ್ಕಳ ಲೆಕ್ಕವನ್ನು ಕೇಳುತ್ತಲೇ ಇರುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.